ಹತ್ತು ಸಮಸ್ತರ ಆಟ

ದೀಪಾವಳಿ ಕಳೆಯಿತೆಂದರೆ ಕಾರ್ಕಳ ತಾಲೂಕಿನ ಅಜೆಕಾರು ಪೇಟೆಯಲ್ಲಿ, ಅಲ್ಲಿಂದ ಹಿರ್ಗಾನ, ಮುನಿಯಾಲು, ಹೆಬ್ರಿಯ ಕಡೆಗೆ ಹೋಗುವ ದಾರಿಗಳಲ್ಲಿ ಒಂದು ಬಗೆಯ ಆಮಂತ್ರಣ ಕಾಣಿಸಿಕೊಳ್ಳತೊಡಗುತ್ತದೆ. ಮೇಲೆ ಯಕ್ಷಗಾನ ಮೇಳದ ಹೆಸರು, ನಡುವೆ ಪ್ರಸಂಗದ ಹೆಸರು, ಕೆಳಗೆ ಸೇವಾಕರ್ತರ ಹೆಸರು. ಊರೆಲ್ಲ ಸೇರಿ ಆಡಿಸುವುದಾದರೆ ಹೆಸರಿನ ಜಾಗದಲ್ಲಿ ‘ಹತ್ತು ಸಮಸ್ತರು’ ಎಂದಷ್ಟೇ ಇರುತ್ತದೆ. ಟಿಕೇಟಿನ ದರ ಎಲ್ಲೂ ಇಲ್ಲ. ರಾತ್ರಿ ಅನ್ನಸಂತರ್ಪಣೆ ಇದೆ ಎಂಬ ಸಾಲು ಮಾತ್ರ ತಪ್ಪುವುದಿಲ್ಲ. ಹಾಡು, ಕುಣಿತ, ಮಾತು, ಬಣ್ಣ ನಾಲ್ಕೂ ಕೂಡಿದ ಒಂದು ಇಡೀ ರಾತ್ರಿಯನ್ನು ಕಾಸು ಕೇಳದೆ ಊರಿಗೆ ಕೊಡುವ ಈ ಪದ್ಧತಿಗೆ ಕರಾವಳಿಯಲ್ಲಿ ನೂರಾರು ವರ್ಷಗಳ ಚರಿತ್ರೆಯಿದೆ.

ನೋಡುವವನಿಗೆ ಖರ್ಚಿಲ್ಲ ಎಂದ ಮಾತ್ರಕ್ಕೆ ಆಟಕ್ಕೇ ಖರ್ಚಿಲ್ಲ ಎಂದಾಗುವುದಿಲ್ಲ. ಭಾಗವತರ ಸಂಭಾವನೆ, ವೇಷಧಾರಿಗಳ ಊಟ, ದೀಪದ ಎಣ್ಣೆ, ಪೆಟ್ಟಿಗೆ ಹೊರುವವರ ಕೂಲಿ ಇವನ್ನೆಲ್ಲ ಯಾರೋ ಒಬ್ಬರು ಹೊರಲೇಬೇಕು. ಯಕ್ಷಗಾನದ ಚರಿತ್ರೆಯನ್ನು ಭಾಗವತರು, ವೇಷಧಾರಿಗಳು, ಪ್ರಸಂಗಕರ್ತರ ಕಡೆಯಿಂದ ಸಾಕಷ್ಟು ಬರೆಯಲಾಗಿದೆ. ಖರ್ಚು ಹೊತ್ತವರ ಕಡೆಯಿಂದ ಬರೆದದ್ದು ಕಡಿಮೆ. ಆದರೆ ಈ ಕಲೆಯ ಬಗ್ಗೆ ಸಿಕ್ಕುವ ಅತಿ ಹಳೆಯ ದಾಖಲೆಗಳಲ್ಲೊಂದು ಖರ್ಚಿನದ್ದೇ. ಬಳ್ಳಾರಿ ಸೀಮೆಯ ಕುರುಗೋಡಿನ ಬಳಿ ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಸ್ಥಾನದಲ್ಲಿ 1556ರ ಒಂದು ಶಾಸನವಿದೆ. ತಾಳಮದ್ದಳೆಯವರಿಗೆ ಭೂಮಿ ಬಿಟ್ಟುಕೊಟ್ಟ ವಿಷಯ ಅದರಲ್ಲಿದೆ. ಹಾಡಿದವರು ಯಾರು, ಯಾವ ಪ್ರಸಂಗ ಹಾಡಿದರು ಎನ್ನುವುದಕ್ಕಿಂತ ಅವರ ಹೊಟ್ಟೆಪಾಡಿಗೆ ಯಾವ ಗದ್ದೆ ಎನ್ನುವುದೇ ಕಲ್ಲಿನ ಮೇಲೆ ಉಳಿಯಿತು.

ಆ ಕಾಲಕ್ಕೆ ಕರಾವಳಿಯಲ್ಲೂ ಪ್ರಸಂಗಗಳು ಹುಟ್ಟಿದ್ದವು. ಉಡುಪಿಗೆ ಹತ್ತಿರದ ಬ್ರಹ್ಮಾವರಕ್ಕೆ ಅಜಪುರ ಎಂಬ ಹೆಸರಿತ್ತು. ಅಜಪುರದ ವಿಷ್ಣು ಬರೆದ ‘ವಿರಾಟಪರ್ವ’ದ ತಾಳೆಗರಿಯ ಪ್ರತಿಯನ್ನು 1564ರದ್ದೆಂದು ಗುರುತಿಸಲಾಗಿದೆ. ಮುಂದೆ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ತೆಂಕುತಿಟ್ಟಿಗೆ ತಳಪಾಯವಾದವು. ಅಜೆಕಾರಿನದೇ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ, ಅಂದರೆ ಕನ್ನಡಿಗರೆಲ್ಲರ ಮುದ್ದಣ, ‘ಶ್ರೀರಾಮಾಶ್ವಮೇಧ’ದ ಗದ್ಯಕ್ಕೆ ಹೆಸರಾಗಿದ್ದರೂ ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಎರಡು ಯಕ್ಷಗಾನ ಪ್ರಸಂಗಗಳನ್ನು ಬರೆದವನು. ಉಡುಪಿಯಲ್ಲಿ ಉಪಾಧ್ಯಾಯನಾಗಿದ್ದ ಈ ಬಡ ಕವಿ 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ಕ್ಷಯದಿಂದ ತೀರಿಕೊಂಡ. ಅವನ ಕಾವ್ಯವನ್ನು ಓದಲಾರದವರೂ ಅವನ ಪದ್ಯಗಳನ್ನು ಗದ್ದೆಯಲ್ಲಿ ಕುಳಿತು ಬಿಟ್ಟಿಯಾಗಿ ಕೇಳಿದ್ದಾರೆ. ಅಕ್ಷರ ಬಾರದ ಊರಿಗೆ ಹಳೆಗನ್ನಡದ ಛಂದಸ್ಸನ್ನು ತಲುಪಿಸಿದ್ದು ಬಯಲಾಟ ಎಂದರೆ ಹೆಚ್ಚಿನ ಮಾತಲ್ಲ.

ಅಜೆಕಾರು ಇರುವ ಜಾಗವೂ ಇದಕ್ಕೆ ಅನುಕೂಲವೇ. ತೆಂಕು, ಬಡಗು ಎರಡೂ ತಿಟ್ಟಿನ ಮೇಳಗಳು ಬಂದುಹೋಗುವ ಸೀಮೆ ಇದು. ದಕ್ಷಿಣದಿಂದ ಕಟೀಲು, ಧರ್ಮಸ್ಥಳದ ಮೇಳಗಳು. ಇನ್ನೊಂದು ಕಡೆಯಿಂದ ಮಂದಾರ್ತಿ, ಹಿರಿಯಡ್ಕದ ಮೇಳಗಳು. ಮೇಳವೆಂದರೆ ದೇವಸ್ಥಾನದ್ದು. ದೇವರ ಹೆಸರಿನಲ್ಲಿ ಗೆಜ್ಜೆ ಕಟ್ಟಿ ಹೊರಟರೆ ಪತ್ತನಾಜೆಯವರೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನದವರೆಗೆ, ತಿರುಗಾಟ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಆ ದಿನ ಗೆಜ್ಜೆ ಬಿಚ್ಚುತ್ತಾರೆ. ಲಾರಿ ಬರುವ ಮೊದಲು ಮೇಳ ನಡೆದೇ ಹೋಗುತ್ತಿತ್ತು. ವೇಷದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತವರು ಮುಂದೆ, ಕಲಾವಿದರು ಹಿಂದೆ. ಇವತ್ತಿನ ಆಟದಿಂದ ನಾಳಿನ ಆಟಕ್ಕೆ ಗದ್ದೆಯಂಚು, ಗುಡ್ಡ, ಹೊಳೆ ದಾಟಿ ಪಯಣ. ಆಡಿಸುವ ಮನೆಯವರು ಮುಂಚಿತವಾಗಿ ವೀಳ್ಯ ಕೊಟ್ಟು ದಿನ ಗೊತ್ತು ಮಾಡಿಕೊಂಡಿರುತ್ತಿದ್ದರು. ಮಧ್ಯಾಹ್ನದ ಊಟ, ಮಲಗಲು ಜಗಲಿ, ಸ್ನಾನಕ್ಕೆ ಬಿಸಿನೀರು ಎಲ್ಲ ಆ ಮನೆಯದೇ.

ಸಂಜೆ ಕೇಳಿ ಬಡಿದರೆ ಸುತ್ತಲ ನಾಲ್ಕು ಊರಿಗೆ ಸುದ್ದಿ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಗುಡ್ಡದ ಆಚೆಗೂ ಕೇಳುವ ಚೆಂಡೆಯ ಸದ್ದೇ ಕರೆಯೋಲೆ. ಅಷ್ಟರಲ್ಲಿ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಗಣಪತಿಗೆ ಪೂಜೆಯಾಗಿ, ಬಣ್ಣದ ವೇಷದವರು ಕನ್ನಡಿ ಹಿಡಿದು ಕುಳಿತಿರುತ್ತಾರೆ. ಚೌಕಿಯೊಳಗೆ ನಿಂತು ನೋಡಬೇಕಾದದ್ದು ಚಿಟ್ಟಿ ಇಡುವ ಕೆಲಸ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಹದವಾಗಿ ಕಲಸಿ, ಸಣ್ಣ ಕಡ್ಡಿಯ ತುದಿಯಿಂದ ಮುಖದ ಮೇಲೆ ಒಂದೊಂದೇ ಚುಕ್ಕಿ. ಮೊದಲ ಚುಕ್ಕಿ ಒಣಗಿದ ಮೇಲೆ ಅದರ ತಲೆಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೀಗೆ ಎರಡು ಮೂರು ತಾಸು ಕಳೆದರೆ ಹುಬ್ಬಿನ ಮೇಲೆ, ಕೆನ್ನೆಯ ಅಂಚಿನಲ್ಲಿ ಮುಳ್ಳುಮುಳ್ಳಾದ ಬಿಳಿ ಸಾಲುಗಳು ಎದ್ದು ನಿಲ್ಲುತ್ತವೆ. ಇಂಗಳೀಕದ ಕೆಂಪು, ಅರದಾಳದ ಹಳದಿ, ಕಾಡಿಗೆಯ ಕಪ್ಪಿನ ನಡುವೆ ಆ ಬಿಳಿ. ಮುಖ ಬಿಗಿದುಕೊಂಡಿರುವುದರಿಂದ ಬಣ್ಣದವನು ಮಾತಾಡುವಂತಿಲ್ಲ, ನಗುವಂತಿಲ್ಲ, ಸರಿಯಾಗಿ ನೀರು ಕುಡಿಯುವಂತಿಲ್ಲ. ಬೆಳಗಾದರೆ ತೆಂಗಿನೆಣ್ಣೆ ಹಚ್ಚಿ ಎಲ್ಲವನ್ನೂ ಕಿತ್ತು ತೆಗೆಯುವುದು. ಮರುದಿನ ಇನ್ನೊಂದು ಊರಿನಲ್ಲಿ ಮತ್ತೆ ಮೊದಲ ಚುಕ್ಕಿ.

ಹೊರಗೆ ರಂಗಸ್ಥಳದಲ್ಲಿ ಕೋಡಂಗಿ, ಬಾಲಗೋಪಾಲರ ಪೂರ್ವರಂಗ ಮುಗಿಯುವ ಹೊತ್ತಿಗೆ ಜನ ಊಟ ಮುಗಿಸಿ ಚಾಪೆ ಹಾಸಿಕೊಂಡಿರುತ್ತಾರೆ. ಹರಕೆಯ ಆಟಗಳಲ್ಲಿ ಜನ ಹೆಚ್ಚು ಬಯಸುವುದು ‘ಶ್ರೀದೇವೀ ಮಹಾತ್ಮೆ’. ಮಧುಕೈಟಭರಿಂದ ಶುರುವಾದ ಕಥೆ ನಡುರಾತ್ರಿಯ ಹೊತ್ತಿಗೆ ಮಹಿಷಾಸುರನಲ್ಲಿಗೆ ಬರುತ್ತದೆ. ಮಹಿಷಾಸುರ ಚೌಕಿಯಿಂದ ನೇರ ರಂಗಕ್ಕೆ ಬರುವುದಿಲ್ಲ. ಜನರ ಹಿಂದಿನಿಂದ, ಎರಡು ಬದಿಯಲ್ಲಿ ದೊಂದಿ ಹಿಡಿದವರೊಂದಿಗೆ, ರಾಳದ ಹುಡಿ ಎರಚಿದಾಗ ಭುಗ್ಗೆನ್ನುವ ಬೆಂಕಿಯ ನಡುವೆ, ಅಬ್ಬರಿಸುತ್ತ ಸಭೆಯನ್ನು ಸೀಳಿಕೊಂಡು ಬರುತ್ತಾನೆ. ನಿದ್ದೆಹೋದ ಮಕ್ಕಳನ್ನು ಅಜ್ಜಿಯರು ತಟ್ಟಿ ಎಬ್ಬಿಸುವುದು ಈ ಹೊತ್ತಿಗೇ. ರಕ್ತಬೀಜನ ಮಾತುಗಾರಿಕೆ ಮುಗಿದು ದೇವಿ ಮಂಗಳ ಹಾಡಿಸಿಕೊಳ್ಳುವಾಗ ಪೂರ್ವ ಕೆಂಪಾಗಿರುತ್ತದೆ.

ಹಳೆಯ ಬಯಲಾಟವನ್ನು ಎಲ್ಲರ ಆಟ ಎಂದು ಹೊಗಳುವಾಗ ಒಂದು ಸಂಗತಿಯನ್ನು ಮುಚ್ಚಿಡಬಾರದು. ಅಂಗಳಕ್ಕೆ ಬರಲು ದುಡ್ಡು ಬೇಕಿರಲಿಲ್ಲ, ಆದರೆ ಎಲ್ಲಿ ಕೂರಬೇಕೆಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಮನೆಯ ಯಜಮಾನರೂ ಅತಿಥಿಗಳೂ ರಂಗಸ್ಥಳದ ಎದುರು, ಒಕ್ಕಲಿನವರು ಅದರ ಹಿಂದೆ. ದಲಿತರು ದೂರದ ಗದ್ದೆಯಂಚಿನಲ್ಲಿ ನಿಂತು ಕಂಡಷ್ಟು ಕಾಣಬೇಕು. ರಂಗಸ್ಥಳದಲ್ಲಂತೂ ಹೆಣ್ಣುಮಕ್ಕಳಿಗೆ ಜಾಗವೇ ಇರಲಿಲ್ಲ. ದೇವಿಯೂ ದಮಯಂತಿಯೂ ಗಂಡಸರೇ.

ಆಡಿಸುತ್ತಿದ್ದವರು ಯಾರು? ಮುಖ್ಯವಾಗಿ ಗುತ್ತು, ಬೀಡು, ಬರ್ಕೆಗಳ ಭೂಮಾಲೀಕ ಮನೆತನದವರು ಮತ್ತು ದೇವಸ್ಥಾನಗಳು. ದನಕ್ಕೆ ರೋಗ ಬಂತು, ಕೋರ್ಟಿನ ವ್ಯಾಜ್ಯ ಸುತ್ತಿಕೊಂಡಿತು, ಮಕ್ಕಳಾಗಲಿಲ್ಲ, ಹೀಗೆ ಏನಾದರೊಂದು ಕಷ್ಟಕ್ಕೆ ‘ಅಮ್ಮನಿಗೆ ಒಂದು ಆಟ’ ಎಂದು ಹರಕೆ ಹೇಳಿಕೊಳ್ಳುವುದು. ಕಷ್ಟ ಪರಿಹಾರವಾದರೆ ಊರಿಗೊಂದು ರಾತ್ರಿ ಸಿಕ್ಕಿತು. ಖರ್ಚಿಗೆ ಗೇಣಿಯ ಅಕ್ಕಿಯೇ ಆಧಾರ. ಒಕ್ಕಲು ಬೆಳೆದ ಅಕ್ಕಿಯೇ ಗೇಣಿಯಾಗಿ ಧಣಿಯ ಕಣಜ ಸೇರಿ, ಅಲ್ಲಿಂದ ಆಟವಾಗಿ ಒಕ್ಕಲಿನ ಮುಂದೆ ಬರುತ್ತಿತ್ತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಈ ಸುತ್ತನ್ನು ಮುರಿಯಿತು. ಆಗಿನ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅದು ಕಾಗದದ ಮೇಲಿನ ಕಾನೂನಾಗಿ ಉಳಿಯಲಿಲ್ಲ. ಗೇಣಿದಾರರು ನಿಜಕ್ಕೂ ಒಡೆಯರಾದರು. ಗುತ್ತಿನ ಮನೆಗಳ ಕಣಜ ಬರಿದಾಯಿತು. ಆಟ ನಿಂತುಹೋಗುತ್ತದೆ ಎಂದುಕೊಂಡರೆ ಹಾಗಾಗಲಿಲ್ಲ. ಅದುವರೆಗೆ ಯಜಮಾನರ ಹಿಂದೆ ಕುಳಿತು ನೋಡುತ್ತಿದ್ದ ಒಕ್ಕಲಿನ ಮನೆಗಳೇ, ಒಂದು ತಲೆಮಾರು ಕಳೆಯುವುದರೊಳಗೆ, ತಮ್ಮ ಸ್ವಂತ ಗದ್ದೆಯಲ್ಲಿ ರಂಗಸ್ಥಳ ಕಟ್ಟಿಸಿ ಆಟ ಆಡಿಸತೊಡಗಿದವು. ಯಕ್ಷಗಾನದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ ಎನ್ನಬೇಕು. ಒಂದು ಮನೆಗೆ ಆಗದ ಕಡೆ ಊರವರು ಸೇರಿ ವಂತಿಗೆ ಹಾಕಿದರು. ಹತ್ತು ಸಮಸ್ತರ ಆಟ ಹಿಂದೆಯೂ ಇತ್ತು, ಈಗ ಅದಕ್ಕೆ ಬಲ ಬಂತು.

ಇದರ ನಡುವೆ ಒಂದು ಟಿಕೇಟಿನ ಕಾಲವೂ ಬಂದುಹೋಯಿತು. ಸ್ವಾತಂತ್ರ್ಯದ ಆಚೀಚಿನ ವರ್ಷಗಳಲ್ಲಿ ಶುರುವಾದ ಡೇರೆ ಮೇಳಗಳ ಕಾಲ ಅದು. ತೆಂಕಿನಲ್ಲಿ ಅದರ ಮೊದಲಿಗರಲ್ಲಿ ಕಲ್ಲಾಡಿ ಕೊರಗ ಶೆಟ್ಟರ ಹೆಸರು ಬರುತ್ತದೆ. ಮುಂದೆ ಕಲ್ಲಾಡಿ ವಿಠಲ ಶೆಟ್ಟರ ಕರ್ನಾಟಕ ಮೇಳ, ಕಸ್ತೂರಿ ಪೈಗಳ ಸುರತ್ಕಲ್ ಮೇಳ, ಬಡಗಿನಲ್ಲಿ ಪಳ್ಳಿ ಸೋಮನಾಥ ಹೆಗ್ಡೆಯವರ ಸಾಲಿಗ್ರಾಮ ಮೇಳ. ಧರ್ಮಸ್ಥಳದ ಮೇಳವೂ ಹಲವು ದಶಕ ಡೇರೆಯೊಳಗೇ ಆಡಿತು. ಗುಡಾರ, ಸುತ್ತ ಪರದೆ, ಬಾಗಿಲಲ್ಲಿ ಟಿಕೇಟು. ನೆಲಕ್ಕೊಂದು ದರ, ಕುರ್ಚಿಗೊಂದು, ಆರಾಮಕುರ್ಚಿಗೊಂದು. ಹಗಲೆಲ್ಲ ಧ್ವನಿವರ್ಧಕ ಕಟ್ಟಿದ ಕಾರು ಊರೂರು ತಿರುಗಿ ಕರಪತ್ರ ಎಸೆಯುವುದು, ಅದರ ಹಿಂದೆ ಮಕ್ಕಳ ಓಟ. ಟಿಕೇಟು ತೆಗೆದು ಒಳಗೆ ಬಂದವನನ್ನು ಹಿಡಿದಿಡಬೇಕೆಂಬ ಒತ್ತಡದಿಂದ ‘ಕೋಟಿ ಚೆನ್ನಯ’ದಂಥ ತುಳು ಪ್ರಸಂಗಗಳು ಮೆರೆದವು, ಕಾಲ್ಪನಿಕ ಕಥೆಗಳು ಬಂದವು. ಶೇಣಿ ಗೋಪಾಲಕೃಷ್ಣ ಭಟ್ಟರ ಬಪ್ಪಬ್ಯಾರಿಯ ಪಾತ್ರವನ್ನು ನೋಡಲು ಜಾತಿಮತವೆನ್ನದೆ ಜನ ಮುಗಿಬಿದ್ದರು. ಸಾಲಿಗ್ರಾಮ ಮೇಳದ ಭಾಗವತ ಗುಂಡ್ಮಿ ಕಾಳಿಂಗ ನಾವಡರು ‘ನಾಗಶ್ರೀ’ ಬರೆದು, ಹಾಡಿ, ಹರೆಯದವರನ್ನು ಡೇರೆಗೆ ಸೆಳೆದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡಾಗ ಬಡಗಿನ ಮನೆಮನೆಗಳಲ್ಲಿ ಸೂತಕದ ಛಾಯೆಯಿತ್ತು.

ಡೇರೆಯ ಕಾಲವನ್ನು ಬರೀ ವ್ಯಾಪಾರ ಎಂದು ತಳ್ಳಿಹಾಕುವವರಿದ್ದಾರೆ. ಅದು ಅನ್ಯಾಯ. ಕಲಾವಿದನಿಗೆ ಹೆಸರಿನ ಜತೆಗೆ ನಿಶ್ಚಿತ ಸಂಬಳ ಕೊಟ್ಟದ್ದು ಡೇರೆ. ಶಾಲೆಯ ಕಟ್ಟಡಕ್ಕೆಂದು ಊರವರು ಸಹಾಯಾರ್ಥ ಆಟ ಇಟ್ಟುಕೊಂಡದ್ದೂ ಡೇರೆಯಿಂದಲೇ. ಇನ್ನೊಂದು ಮಾತನ್ನೂ ಹೇಳಬೇಕು: ಟಿಕೇಟು ಕೊಂಡವನ ಕುರ್ಚಿಗೆ ಜಾತಿ ಇರಲಿಲ್ಲ. ಅಂಗಳದಲ್ಲಿ ಅಂಚಿಗೆ ನಿಲ್ಲಬೇಕಾಗಿದ್ದವನು ಡೇರೆಯೊಳಗೆ ದುಡ್ಡು ಕೊಟ್ಟು ಎದುರು ಸಾಲಿನಲ್ಲಿ ಕೂರಬಹುದಿತ್ತು. ಮುಂದೆ ಬಯಲಾಟಗಳಿಗೂ ಸಾಲಾಗಿ ಕುರ್ಚಿ ಹಾಕುವ ರೂಢಿ ಬಂದಾಗ, ಮೊದಲು ಬಂದವನಿಗೆ ಮುಂದಿನ ಜಾಗ ಎಂಬ ಡೇರೆಯ ನ್ಯಾಯವೂ ಜತೆಗೆ ಬಂತು.

ಟಿವಿ ಮನೆಗೆ ಬಂದ ಮೇಲೆ ಡೇರೆ ಸೊರಗಿತು. ಬಯಲಾಟವನ್ನು ಎಂದೂ ಬಿಡದಿದ್ದ ಕಟೀಲು, ಮಂದಾರ್ತಿಯ ಮೇಳಗಳು ಬೆಳೆದವು. ಕಟೀಲಿನಲ್ಲಿ ಒಂದು ಮೇಳವಿದ್ದದ್ದು ಹಲವಾಯಿತು. ಆದರೂ ಹರಕೆ ಹೇಳಿಕೊಂಡವರು ತಮ್ಮ ಸರದಿಗೆ ವರ್ಷಗಟ್ಟಲೆ ಕಾಯಬೇಕು. ಧರ್ಮಸ್ಥಳದ ಮೇಳ ಡೇರೆ ಮಡಚಿ ಬಯಲಿಗೆ ಮರಳಿತು. ದುಡ್ಡು ಕೊಟ್ಟು ನೋಡುವವರು ಕಡಿಮೆಯಾದ ಕಾಲದಲ್ಲೇ, ಊರಿಗೆ ತೋರಿಸಲು ದುಡ್ಡು ಕೊಡುವವರು ಹೆಚ್ಚಾದರು.

ಕಡಲಾಚೆಗೂ ಇಂಥದೊಂದು ಕಥೆಯಿದೆ. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ದೇವರ, ಅರಸರ ಕಥೆಗಳನ್ನು ಹಾಡು, ತಾಳವಾದ್ಯ, ಕುಣಿತಗಳಲ್ಲಿ ಹೇಳುವ ಹುಲಾ ಎಂಬ ಕಲೆ. ಕ್ರೈಸ್ತಳಾದ ರಾಣಿ ಕಾಅಹುಮನು 1830ರಲ್ಲಿ ಬಹಿರಂಗ ಹುಲಾವನ್ನು ನಿಷೇಧಿಸಿದಳು. 1859ರ ಕಾನೂನು, ಹಣ ಪಡೆದು ಹುಲಾ ತೋರಿಸುವವರು ಶುಲ್ಕ ಕಟ್ಟಿ ಪರವಾನಗಿ ತೆಗೆದುಕೊಳ್ಳಬೇಕೆಂದಿತು. ದೊರೆ ಕಲಾಕಾವ 1883ರ ತನ್ನ ಪಟ್ಟಾಭಿಷೇಕದ ಉತ್ಸವದಲ್ಲಿ ಹುಲಾ ಆಡಿಸಿ ಅದಕ್ಕೆ ಮತ್ತೆ ಮಾನ ತಂದ. ಅವನ ನೆನಪಿಗೆ 1964ರಿಂದ ಹಿಲೋ ಪಟ್ಟಣದಲ್ಲಿ ‘ಮೆರ್ರಿ ಮೋನಾರ್ಕ್’ ಉತ್ಸವ ನಡೆಯುತ್ತಿದೆ. ಅದರ ಸ್ಪರ್ಧೆಗಳಿಗೆ ಟಿಕೇಟು ಸಿಗುವುದೇ ಕಷ್ಟ. ಆದರೆ ಬುಧವಾರ ರಾತ್ರಿಯ ‘ಹೋಇಕೆ’ ಪ್ರದರ್ಶನವನ್ನು ಉಚಿತವಾಗಿ ಉಳಿಸಿಕೊಂಡಿದ್ದಾರೆ, ಅದಕ್ಕೆ ಊರವರ ಸಾಲು ನಿಲ್ಲುತ್ತದೆ. ಅಲ್ಲಿ ಅರಸ ಮುಂದಾಗಿ ಕಲೆಯನ್ನು ಎತ್ತಿ ನಿಲ್ಲಿಸಬೇಕಾಯಿತು. ಕರಾವಳಿಯಲ್ಲಿ ಆ ಕೆಲಸವನ್ನು ಹರಕೆ ಹೇಳಿಕೊಂಡ ಸಾಮಾನ್ಯ ಮನೆಗಳು ಮಾಡಿದವು.

ಹಳ್ಳಿಯ ಅಂಗಳದ ಯಕ್ಷಗಾನಕ್ಕೆ ವಿದ್ಯಾವಂತರ ಗೌರವ ತಂದವರಲ್ಲಿ ಶಿವರಾಮ ಕಾರಂತರು ಮೊದಲಿಗರು. ಅವರಿಗೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ ಎಂಬ ಸಂಶೋಧನ ಗ್ರಂಥಕ್ಕೆ. ಮಣಿಪಾಲದ ಟಿ.ಎಂ.ಎ. ಪೈಗಳು 1949ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ, ಪ್ರಾಂಶುಪಾಲ ಕು.ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ 1971ರಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಹಿರಿಯಡ್ಕ ಗೋಪಾಲ ರಾವ್ ಅಲ್ಲಿ ಮದ್ದಳೆ ಕಲಿಸಿದರು. ಏರು ಶ್ರುತಿಯ ಮದ್ದಳೆಯಿಂದ ಬಡಗಿನ ಹಿಮ್ಮೇಳದ ನಾದವನ್ನೇ ಬದಲಿಸಿದ ಅವರು ನೂರು ದಾಟಿ ಬದುಕಿ 2020ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅಮೆರಿಕದ ಸಂಶೋಧಕಿ ಮಾರ್ತಾ ಆಷ್ಟನ್ ಯಕ್ಷಗಾನದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದದ್ದು ಇಂಥ ಗುರುಗಳ ಬಳಿ ಕಲಿತೇ. ಕಾರ್ಕಳದ ಮಾಳದವರಾದ ಡಾ. ಎಂ. ಪ್ರಭಾಕರ ಜೋಶಿ ಚೌಕಿ, ರಂಗಸ್ಥಳಗಳ ಮಾತುಗಳನ್ನೆಲ್ಲ ಕೂಡಿಸಿ ‘ಯಕ್ಷಗಾನ ಪದಕೋಶ’ ಕೊಟ್ಟರು.

ಅಜೆಕಾರಿನ ಹೆಸರು ಯಕ್ಷಗಾನ ಲೋಕದಲ್ಲಿ ಹೆಚ್ಚು ಕೇಳಿಬರುವುದು ಮಾತ್ರ ಮುಂಬಯಿಯಿಂದ. ಪತ್ತನಾಜೆ ಕಳೆದು ಮಳೆ ಹಿಡಿದು ಮೇಳಗಳೆಲ್ಲ ಮನೆ ಸೇರಿದಾಗ ಕಲಾವಿದನಿಗೆ ಸಂಪಾದನೆಯಿಲ್ಲ. ಆ ತಿಂಗಳುಗಳಲ್ಲಿ ಊರಿನ ಕಲಾವಿದರನ್ನು ಕರೆಸಿ ಮುಂಬಯಿಯ ಬಡಾವಣೆಗಳಲ್ಲಿ ಆಟ, ತಾಳಮದ್ದಳೆಗಳ ಸರಣಿಯನ್ನೇ ನಡೆಸುವ ಸಂಸ್ಥೆಗಳಲ್ಲಿ ಅಜೆಕಾರು ಕಲಾಭಿಮಾನಿ ಬಳಗ ಒಂದು. ಎಳೆಯ ಹರೆಯದಲ್ಲೇ ಬಸ್ಸು ಹತ್ತಿ ಹೋಗಿ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ತಮ್ಮದೇ ಹೋಟೆಲು ಇಟ್ಟುಕೊಂಡವರ ಊರು ಈ ಸೀಮೆ. ಅವರ ದುಡಿಮೆಯ ಪಾಲು ಎರಡು ದಾರಿಯಲ್ಲಿ ಆಟಕ್ಕೆ ಬರುತ್ತದೆ: ಮಳೆಗಾಲದಲ್ಲಿ ಮುಂಬಯಿಯ ಸಭಾಗೃಹಗಳಿಗೆ, ಬೇಸಗೆಯಲ್ಲಿ ಊರಿನ ಮನೆಯ ಎದುರಿನ ಗದ್ದೆಗೆ. ಹಿಂದೆ ಗೇಣಿಯ ಅಕ್ಕಿ ಇದ್ದ ಜಾಗದಲ್ಲಿ ಈಗ ಮುಂಬಯಿಯ, ಬೆಂಗಳೂರಿನ, ಕೊಲ್ಲಿ ದೇಶಗಳ ಸಂಪಾದನೆಯಿದೆ.

ಈಚಿನ ವರ್ಷಗಳ ದೊಡ್ಡ ಪ್ರಶ್ನೆ ಖರ್ಚಿನದ್ದಲ್ಲ, ಹೊತ್ತಿನದ್ದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆನ್ನುವ ನಿಯಮ 2000ನೇ ಇಸವಿಯಿಂದಲೇ ಇದೆ. ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರು ಅರ್ಧರಾತ್ರಿಗೆ ಏಳತೊಡಗಿದ್ದರು. ಮೇಳಗಳು ಒಂದೊಂದಾಗಿ ಕಾಲಮಿತಿಗೆ ಒಗ್ಗಿದವು. 2022ರ ತಿರುಗಾಟದಲ್ಲಿ ಕಟೀಲಿನ ಮೇಳಗಳೂ ಕಾಲಮಿತಿಗೆ ಬಂದಾಗ ಭಕ್ತರ ನಡುವೆ ದೊಡ್ಡ ಚರ್ಚೆಯೆದ್ದು, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಐದಾರು ತಾಸಿಗೆ ಇಳಿಸಿದರೆ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಎಳೆಯ ಕಲಾವಿದರು ಗೆಜ್ಜೆ ಕಟ್ಟಿ ಕಾಲು ಪಳಗಿಸಿಕೊಳ್ಳುತ್ತಿದ್ದದ್ದು ಅಲ್ಲೇ ಆದ್ದರಿಂದ ಈ ನಷ್ಟ ಸಣ್ಣದಲ್ಲ.

ಅದಕ್ಕೆ ಬದಲಿಯಾಗಿ ಇನ್ನೊಂದು ಪಾಠಶಾಲೆ ತೆರೆದಿದೆ. 1975ರಲ್ಲಿ ಉಡುಪಿಯಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗ, ಯಕ್ಷನಿಧಿಯ ಮೂಲಕ ಕಲಾವಿದರ ಕಷ್ಟಸುಖ ನೋಡಿಕೊಳ್ಳುವ ಸಂಸ್ಥೆ. ಯಕ್ಷಶಿಕ್ಷಣ ಟ್ರಸ್ಟಿನ ಜತೆಗೂಡಿ ಅದು ಪ್ರೌಢಶಾಲೆಯ ಮಕ್ಕಳಿಗೆ ಯಕ್ಷಗಾನ ಕಲಿಸುವ ವ್ಯವಸ್ಥೆ ಮಾಡಿದೆ. ವರ್ಷದ ಕೊನೆಯಲ್ಲಿ ಕೃಷ್ಣಮಠದ ರಾಜಾಂಗಣದಂಥ ಕಡೆ ದಿನಗಟ್ಟಲೆ ಆ ಮಕ್ಕಳ ಆಟ, ಯಾರು ಬೇಕಾದರೂ ಬಂದು ನೋಡಬಹುದು. ಕಿರೀಟ ಹೊತ್ತು ಕುಣಿಯುವವರಲ್ಲಿ ಹುಡುಗಿಯರ ಸಂಖ್ಯೆ ದೊಡ್ಡದು, ಎಲ್ಲ ಜಾತಿಮತದ ಮಕ್ಕಳೂ ಅಲ್ಲಿದ್ದಾರೆ. ಹಳೆಯ ಅಂಗಳ ಕೊಡದೆ ಉಳಿಸಿಕೊಂಡದ್ದನ್ನು ಈ ರಂಗಸ್ಥಳ ಕೊಡುತ್ತಿದೆ.

ಇನ್ನು ಉಳಿದಿರುವುದು ಲೆಕ್ಕದ ಪುಸ್ತಕಗಳ ಕೆಲಸ. ಹಳೆಯ ಮನೆಗಳ ಪತ್ತಾಯದ ಮೇಲೆ, ದೇವಸ್ಥಾನಗಳ ಕಪಾಟಿನಲ್ಲಿ ಆಟದ ಖರ್ಚು ಬರೆದಿಟ್ಟ ಕಡತಗಳಿರುತ್ತವೆ: ಎಣ್ಣೆಗೆ ಎಷ್ಟು, ಅಕ್ಕಿ ಎಷ್ಟು ಮುಡಿ, ವೀಳ್ಯ ಯಾರಿಗೆ, ವಂತಿಗೆ ಯಾವ ಮನೆಯಿಂದ. ಮನೆ ಕೆಡವಿ ತಾರಸಿ ಕಟ್ಟಿಸುವಾಗ ಮೊದಲು ಒಲೆ ಸೇರುವುದು ಇಂಥ ಕಾಗದಗಳೇ. ಕಾಲೇಜುಗಳ ಇತಿಹಾಸ ವಿಭಾಗದ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಅವುಗಳ ಚಿತ್ರ ತೆಗೆದು, ಊರು, ಮನೆ, ಇಸವಿಗಳನ್ನು ಬರೆದಿಟ್ಟರೂ ಸಾಕು. 1974ರ ಹಿಂದೆ ಮತ್ತು ಮುಂದೆ ಅಜೆಕಾರಿನ ಸುತ್ತ ಆಟ ಆಡಿಸಿದವರು ಯಾರೆಂಬುದನ್ನು ಹೆಸರು ಸಮೇತ ಹೇಳಬಹುದು. ಅಂಥ ಕಡತಗಳನ್ನು ಓದಿ ಬಿಡಿಸಿ ಹೇಳಬಲ್ಲ ಹಿರಿಯರು ಈ ಊರುಗಳಲ್ಲಿ ಇನ್ನೂ ಇದ್ದಾರೆ.